ಪೂರ್ತಿ ಬೆಲೆ ಕೊಟ್ಟು ಕೊಂಡ ಸಿನಿಮಾ ಪಟ್ಟಿಯಿಂದಲೇ ಮಾಯ. ನಿಮ್ಮಲ್ಲಿ ಯಾರಾದರೂ ಹಳೆಯ ಡಿಸ್ಕು, ಕ್ಯಾಸೆಟ್ಟಿಗೆ ಮರಳಿದ್ದೀರಾ?

ಸುರುಳಿಸುತ್ತು
ಬಾಡಿಗೆಗೆ ತೆಗೆದುಕೊಂಡದ್ದಲ್ಲ, ಚಂದಾದ ಜೊತೆಗೆ ಬಂದದ್ದೂ ಅಲ್ಲ. ಪೂರ್ತಿ ಬೆಲೆ ತೆತ್ತು ಕೊಂಡ ಸಿನಿಮಾ. ಮೊನ್ನೆ ನೋಡೋಣವೆಂದು ಹುಡುಕಿದರೆ ಹೆಸರು ಮಾತ್ರ ಮಸುಕಾಗಿ ಕೂತಿದೆ. ಒತ್ತಿದರೆ ‘ಸದ್ಯಕ್ಕೆ ಲಭ್ಯವಿಲ್ಲ’ ಎನ್ನುತ್ತದೆ.

ಗ್ರಾಹಕ ಸೇವೆಗೆ ಬರೆದೆ. ಮೊದಲು ಉತ್ತರಿಸಿದ್ದು ಯಂತ್ರ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ ಎಂದಿತು. ಹಾಕಿಕೊಂಡೆ. ಹಳೆಯ ಪಾಸ್‌ವರ್ಡ್ ನಡೆಯಲಿಲ್ಲ. ಒಟಿಪಿ ನಾನು ಎಂದೋ ಬಿಟ್ಟ ಮೊಬೈಲ್ ಸಂಖ್ಯೆಗೆ ಹೋಯಿತು. ಇಷ್ಟೆಲ್ಲ ದಾಟಿದ ಮೇಲೆ ಸಿಕ್ಕ ಮನುಷ್ಯರೊಬ್ಬರು ಬಹಳ ವಿನಯದಿಂದ ವಿವರಿಸಿದರು: ಹಕ್ಕುದಾರರ ಜೊತೆಗಿನ ಒಪ್ಪಂದ ಮುಗಿದಿದೆ, ಹೀಗಾಗಬಹುದೆಂದು ನೀವು ಒಪ್ಪಿಕೊಂಡ ನಿಯಮಗಳಲ್ಲೇ ಇದೆ.

ಅದೇ ಕೋಣೆಯ ಕಪಾಟಿನಲ್ಲಿ ನನ್ನ ಕಾಲೇಜು ದಿನಗಳ ಕ್ಯಾಸೆಟ್ಟುಗಳಿವೆ. ಹಾಕಿದರೆ ಹಾಡುತ್ತವೆ. ಲಾಗಿನ್ ಕೇಳುವುದಿಲ್ಲ, ‘ನಿಮಗೆ ಇದೂ ಇಷ್ಟವಾಗಬಹುದು’ ಎಂದು ನಡುವೆ ಬಾಯಿ ಹಾಕುವುದಿಲ್ಲ. ಈ ಡಿಜಿಟಲ್ ಎನ್ನುವುದೇ ಒಂದು ಮೋಸ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಮರಳಿ ಹೋದವರು ಯಾರಾದರೂ ಇದ್ದರೆ ಹೇಳಿ: ಈಗ ಕೊಳ್ಳುವುದಾದರೆ ಯಾವುದು ಬಾಳುತ್ತದೆ? ಡಿಸ್ಕೋ, ಕ್ಯಾಸೆಟ್ಟೋ, ಗ್ರಾಮಾಫೋನ್ ತಟ್ಟೆಯೋ?

ಅರೆಗಿವಿ
ಆ ನಿಯಮಗಳನ್ನು ಕೊನೆಯವರೆಗೆ ಓದಿ ಒಪ್ಪಿದವರು ಭೂಮಿಯ ಮೇಲೆ ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ.

ಬಿಟ್‌ಗಣಕ
ಸಿಟ್ಟು ನ್ಯಾಯವಾದದ್ದು, ಗುರಿ ಮಾತ್ರ ತಪ್ಪು. ನೀವು ಕೊಳ್ಳಬೇಕೆಂದಿರುವ ಡಿಸ್ಕೂ ಡಿಜಿಟಲ್ಲೇ, ಸರ್. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಿಡಿಯನ್ನು ಮಾರುಕಟ್ಟೆಗೆ ತಂದಾಗಿನಿಂದ ಅದರೊಳಗೆ ಇರುವುದು ಬರೀ ಅಂಕಿಗಳು: ಸೆಕೆಂಡಿಗೆ 44,100 ಮಾದರಿಗಳು (ಧ್ವನಿಯ ಅಲೆಯನ್ನು ಅಷ್ಟು ಸಲ ಅಳೆದ ಅಂಕಿಗಳು), ಒಂದೊಂದಕ್ಕೂ 16 ಬಿಟ್. ಆ ಅಂಕಿಗಳು ನಿಮಗೆ ಯಾವ ಮೋಸವನ್ನೂ ಮಾಡಿಲ್ಲ. ಮೋಸವಾದದ್ದು ಅಂಕಿಗಳನ್ನು ತನ್ನ ಬಳಿಯೇ ಇಟ್ಟುಕೊಂಡು ನಿಮಗೆ ಕಿಟಕಿಯಿಂದ ತೋರಿಸುವ ಸೇವೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ.

ಮುಳ್ಳಿನಮೊನೆ
ಮರಳಿ ಹೋಗುವ ಪ್ರಶ್ನೆಯೇ ಇಲ್ಲ, ನಾನು ಹೊರಟೇ ಇರಲಿಲ್ಲ. ಎಲ್‌ಪಿ ತಟ್ಟೆ 1948ರಲ್ಲಿ ಬಂತು. ಅಂದು ಒತ್ತಿದ ತಟ್ಟೆಯನ್ನು ಇಂದಿನ ಯಂತ್ರದ ಮೇಲಿಟ್ಟರೂ ಹಾಡುತ್ತದೆ, ನಿಮಿಷಕ್ಕೆ ಅದೇ ಮೂವತ್ತಮೂರೂ ಮೂರನೇ ಒಂದು ಸುತ್ತು. ಎಪ್ಪತ್ತೈದು ವರ್ಷ ದಾಟಿದರೂ ಒಂದು ಅಪ್‌ಡೇಟ್ ಬಂದಿಲ್ಲ. ಇನ್ನು ಧ್ವನಿಯ ವಿಷಯಕ್ಕೆ ಬಂದರೆ, ಡಿಜಿಟಲ್ಲಿನ ಮೆಟ್ಟಿಲು ಮೆಟ್ಟಿಲಾದ ಸದ್ದಿಗೂ ತಟ್ಟೆಯ ಅಖಂಡವಾದ ನಾದಕ್ಕೂ ಹೋಲಿಕೆಯೇ ಇಲ್ಲ.

ಬಿಟ್‌ಗಣಕ
ಮೆಟ್ಟಿಲು ಎಂಬ ಈ ಕಥೆ ಸಾಯುವುದೇ ಇಲ್ಲವಲ್ಲ! ಮಾದರಿ ತೆಗೆದ ವೇಗದ ಅರ್ಧಕ್ಕಿಂತ ಕೆಳಗಿರುವ ಆವರ್ತನಗಳನ್ನು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಆ ಮಾದರಿಗಳಿಂದ ನುಣುಪಾಗಿಯೇ ಮರಳಿ ಕಟ್ಟಬಹುದು. 44,100ರ ಅರ್ಧ 22,050. ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲೂ 20,000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ನಿಮ್ಮ ವಯಸ್ಸಿನ ಕಿವಿಗಳ ಮಾತು ಬಿಡಿ. ಯಂತ್ರದಿಂದ ಹೊರಗೆ ಬರುವ ಅಲೆಯಲ್ಲಿ ಮೆಟ್ಟಿಲು ಇರುವುದಿಲ್ಲ.

ನಿಮ್ಮ ಅಖಂಡ ನಾದದ ಕಥೆಯನ್ನೂ ಹೇಳುತ್ತೇನೆ. ತಟ್ಟೆ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ, ಇಲ್ಲದಿದ್ದರೆ ಗೀರುಗಳು ಒಂದಕ್ಕೊಂದು ನುಗ್ಗುತ್ತವೆ. ನುಡಿಸುವಾಗ ಆಂಪ್ಲಿಫೈಯರ್ ಅದನ್ನು ತಿರುವುಮುರುವು ಮಾಡುತ್ತದೆ. 1954ರಿಂದ ಇದಕ್ಕೊಂದು ಮಾನದಂಡವೇ ಇದೆ. ಸಾಲದೆಂಬಂತೆ, ಹೊರಸುತ್ತಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿದರೆ ಒಳಸುತ್ತಿಗೆ ಬರುವ ಹೊತ್ತಿಗೆ ಅದು 20ರ ಸುಮಾರಿಗೆ ಇಳಿದಿರುತ್ತದೆ. ಹಾಗಾಗಿ ಪ್ರತಿ ಬದಿಯ ಕೊನೆಯ ಹಾಡಿಗೆ ಸ್ವಲ್ಪ ಅನ್ಯಾಯವಾಗಿಯೇ ಆಗುತ್ತದೆ.

ಮುಳ್ಳಿನಮೊನೆ
ಅನ್ಯಾಯವೇ ಇರಲಿ, ನನಗೆ ಅದೇ ಹಿತ. ನಿಮಗೇನು ಕಷ್ಟ?

ಬಿಟ್‌ಗಣಕ
ಹಿತ ಎಂದರೆ ನನಗೆ ತಕರಾರಿಲ್ಲ. ಶ್ರೇಷ್ಠ ಎಂದಾಗ ಮಾತ್ರ ಬರುತ್ತೇನೆ. ಅಂದ ಹಾಗೆ, ಪೂರ್ತಿ ಅನಲಾಗ್, ಅಂದರೆ ಅಂಕಿಗಳ ಸೋಂಕಿಲ್ಲದ್ದು, ಎಂದು ಜನ ನಂಬಿ ಕೊಳ್ಳುತ್ತಿದ್ದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ತಟ್ಟೆಗಳಲ್ಲಿ ಅನೇಕವನ್ನು ಡಿಜಿಟಲ್ ಪ್ರತಿಯಿಂದಲೇ ಕೊರೆದಿದ್ದರೆಂದು 2022ರಲ್ಲಿ ಬಯಲಾಯಿತು. ಅದುವರೆಗೆ ಆ ತಟ್ಟೆಗಳನ್ನು ಕೊಂಡಾಡುತ್ತಿದ್ದ ಕಿವಿಗಳಿಗೆ ಮೆಟ್ಟಿಲು ಕೇಳಿಸಿರಲಿಲ್ಲ.

ಹೊಸಚಿಗುರು
ನಾನು ಸ್ಟ್ರೀಮಿಂಗ್ ಕಾಲದಲ್ಲೇ ಬೆಳೆದವಳು. ಹಿರಿಯರೆಲ್ಲ ಸೇರಿ ಕ್ಯಾಸೆಟ್ಟಿಗೆ ಆರತಿ ಎತ್ತುವುದನ್ನು ನೋಡಿ ಒಂದು ಮಾತು ಹೇಳಬೇಕೆನಿಸಿತು. ನಿಮ್ಮ ಕಾಲದಲ್ಲಿ ಅಂಗಡಿಯವನು ತರಿಸಿದ್ದನ್ನು ನೀವು ಕೇಳುತ್ತಿದ್ದಿರಿ. ಇಲ್ಲದ್ದು ಇಲ್ಲವೇ ಇಲ್ಲ. ನನಗೆ ರಾತ್ರಿ ಹನ್ನೊಂದಕ್ಕೆ ಯಾವುದೋ ಖಂಡದ ವಾದ್ಯವೊಂದರ ಹೆಸರು ಕಿವಿಗೆ ಬಿದ್ದರೆ ಹನ್ನೊಂದೂ ಐದಕ್ಕೆ ಅದನ್ನು ಕೇಳುತ್ತಿರುತ್ತೇನೆ. ಒಂದು ಆಲ್ಬಂಗೆ ತಿಂಗಳ ಉಳಿತಾಯ ಸುರಿದು, ಮನೆಗೆ ತಂದು, ಎರಡೇ ಹಾಡು ಚೆನ್ನಾಗಿವೆ ಎಂದು ತಿಳಿದಾಗಿನ ಮುಖವನ್ನು ಯಾರೂ ಇಲ್ಲಿ ನೆನಪಿಸಿಕೊಳ್ಳುತ್ತಿಲ್ಲವಲ್ಲ, ಏಕೆ?

ಕೊಂಡ ಸಿನಿಮಾ ಕಳೆದುಹೋದದ್ದು ಅನ್ಯಾಯ, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕಾಗಿ ಮತ್ತೆ ಪೆನ್ಸಿಲ್ ಹಿಡಿದು ಟೇಪು ಸುತ್ತುತ್ತಾ ಕೂರಲು ನಾನಂತೂ ಸಿದ್ಧಳಿಲ್ಲ.

ಗೋಡೆಗಡಿಯಾರ
ಎರಡೇ ಹಾಡು ಚೆನ್ನಾಗಿವೆ ಎಂದು ಮೊದಲ ಸಲ ಅನ್ನಿಸಿದರೂ ದುಡ್ಡು ಕೊಟ್ಟ ತಪ್ಪಿಗೆ ಹತ್ತು ಸಲ ಕೇಳುತ್ತಿದ್ದೆವು. ಏಳನೆಯ ಸಲಕ್ಕೆ ಉಳಿದವು ಅರ್ಥವಾಗುತ್ತಿದ್ದವು. ಈಗ ಅರ್ಧ ನಿಮಿಷಕ್ಕೆ ಮುಂದಿನದಕ್ಕೆ ಜಿಗಿಯುತ್ತೇವೆ.

ಹೊಸಚಿಗುರು
ಅದು ನಿಮ್ಮ ಬೆರಳಿನ ದೋಷ, ಆ್ಯಪಿನದಲ್ಲ 🙂

ಬೆರಳೋದು
ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಹಾಗಾಗಿ ಈ ಚರ್ಚೆ ನನಗೆ ಬೇರೆಯೇ ರೀತಿ ಕೇಳಿಸುತ್ತದೆ.

ಹಳೆಯ ಟೇಪ್ ರೆಕಾರ್ಡರಿನ ಗುಂಡಿಗಳು ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿದ್ದವು. ಒತ್ತಿದರೆ ಟಕ್ ಎಂದು ಕೂರುತ್ತಿತ್ತು. ಒತ್ತಿದೆನೋ ಇಲ್ಲವೋ ಎಂಬ ಅನುಮಾನವೇ ಇಲ್ಲ. ಎಲ್ಲಿ ನಿಲ್ಲಿಸಿದೆನೋ ಅಲ್ಲಿಂದಲೇ ಮತ್ತೆ ಶುರು, ಬೇರೆ ಮನೆಯ ಬೇರೆ ಯಂತ್ರಕ್ಕೆ ಹಾಕಿದರೂ ಅಲ್ಲಿಂದಲೇ. ಈಗಿನ ಆ್ಯಪುಗಳಲ್ಲಿ ಪರದೆ ಓದುವ ತಂತ್ರಾಂಶ ಇಟ್ಟುಕೊಂಡು ಒಂದು ದಾರಿಯನ್ನು ಕಷ್ಟಪಟ್ಟು ಕಲಿತಿರುತ್ತೇನೆ. ಒಂದು ಬೆಳಿಗ್ಗೆ ಅಪ್‌ಡೇಟ್ ಬರುತ್ತದೆ, ಗುಂಡಿಗಳೆಲ್ಲ ಜಾಗ ಬದಲಿಸಿರುತ್ತವೆ, ಕೆಲವಕ್ಕೆ ಹೆಸರನ್ನೇ ಕೊಟ್ಟಿರುವುದಿಲ್ಲ. ‘ಬಟನ್, ಬಟನ್, ಬಟನ್’ ಎಂದಷ್ಟೇ ಓದುತ್ತದೆ. ಯಾವ ಬಟನ್ ಎಂದು ನಾನು ಯಾರನ್ನು ಕೇಳಲಿ?

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ದಪ್ಪ ಪಠ್ಯಪುಸ್ತಕವೊಂದು ಕ್ಯಾಸೆಟ್ಟಿನಲ್ಲಿ ಬಂದರೆ ಚೀಲ ತುಂಬುತ್ತಿತ್ತು. ಒಂಬತ್ತನೆಯ ಅಧ್ಯಾಯದ ಮೂರನೆಯ ಭಾಗ ಬೇಕೆಂದರೆ ಟೇಪನ್ನು ಹಿಂದೆ ಮುಂದೆ ಓಡಿಸಿ ಅರ್ಧ ಗಂಟೆ ಹೋಗುತ್ತಿತ್ತು. 1996ರಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಸೇರಿ ಡೈಸಿ ಒಕ್ಕೂಟ ಕಟ್ಟಿಕೊಂಡು ಮಾತಾಡುವ ಪುಸ್ತಕಗಳಿಗೆ ಡಿಜಿಟಲ್ ಮಾದರಿಯೊಂದನ್ನು ರೂಪಿಸಿದವು. ಅಧ್ಯಾಯ, ಪುಟ, ವಾಕ್ಯದವರೆಗೆ ನೇರ ಹೋಗಬಹುದು. ನನ್ನ ಓದು ನಡೆದದ್ದೇ ಅದರಿಂದ. ನನಗೆ ಬೇಕಾದದ್ದು ಆ ಕಡತ, ಈ ಗುಂಡಿ. ಎರಡನ್ನೂ ಒಟ್ಟಿಗೆ ಕೊಡುವವರು ಕಡಿಮೆ.

ಸುರುಳಿಸುತ್ತು
ಬೆರಳೋದು ಅವರೇ, ಗುಂಡಿಯ ಬಗ್ಗೆ ನೂರಕ್ಕೆ ನೂರು. ನಮ್ಮ ತಂದೆಯವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಆದರೂ ಟಿವಿ ಹಾಕಲು ನನ್ನನ್ನೇ ಕರೆಯಬೇಕು. ‘ಯಾರು ನೋಡುತ್ತಿದ್ದೀರಿ?’ ಎಂದು ಅದು ಕೇಳಿದಾಗ ಅವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ.

ಕಡತಪಾಲಕಿ
ದಾಖಲೆಗಳನ್ನು ಕಾಪಾಡುವ ಕೆಲಸದಲ್ಲಿದ್ದೇನೆ. ಎರಡೂ ಪಕ್ಷದವರಿಗೆ ಬೇಸರವಾಗುವ ಮಾತುಗಳಿವೆ.

ಮೊದಲು ಸೇವೆಗಳ ಸುದ್ದಿ. ಸುರುಳಿಸುತ್ತು ಅವರಿಗೆ ಆದದ್ದು ಹೊಸದೇನಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಗ್ರಾಹಕರ ಕೈಯಲ್ಲಿದ್ದ ಇ-ಪುಸ್ತಕ ಓದುವ ಕಿಂಡಲ್‌ಗಳೊಳಗಿಂದ ಎರಡು ಕಾದಂಬರಿಗಳನ್ನು ದೂರದಿಂದಲೇ ಅಳಿಸಿತು. ಅವನ್ನು ಅಲ್ಲಿ ಮಾರಿದವರಿಗೆ ಹಕ್ಕೇ ಇರಲಿಲ್ಲವಂತೆ. ಹಣ ಹಿಂದಿರುಗಿಸಿದರು. ಆದರೆ ಪುಸ್ತಕದ ಜೊತೆ ತಾನು ಮಾಡಿಕೊಂಡಿದ್ದ ಟಿಪ್ಪಣಿಗಳೂ ಕೆಲಸಕ್ಕೆ ಬಾರದಂತಾದವೆಂದು ವಿದ್ಯಾರ್ಥಿಯೊಬ್ಬ ನ್ಯಾಯಾಲಯಕ್ಕೆ ಹೋದ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಆಗಲೂ ಹಣ ಬಂತು, ಪುಸ್ತಕಗಳು ಹೋದವು. ಅದೇ ವರ್ಷ, ಜನ ತಮ್ಮ ಹಾಡುಗಳನ್ನು ಹಾಕುತ್ತಿದ್ದ ಮೈಸ್ಪೇಸ್ ಜಾಲತಾಣ, ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳ ಹಾಡುಗಳು ಕಳೆದುಹೋದವೆಂದು ಹೇಳಿ ಕೈಚೆಲ್ಲಿತು. ಎಷ್ಟೋ ಹವ್ಯಾಸಿಗಳ ಬಳಿ ಬೇರೆ ಪ್ರತಿಯೇ ಇರಲಿಲ್ಲ.

ಇನ್ನು ಹಳೆಯದನ್ನು ಹಾಡಿ ಹೊಗಳುವವರಿಗೆ. ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಕೂರಿಸಿದ ಕಾಂತೀಯ ಪುಡಿ. ಆ ಅಂಟು ಗಾಳಿಯ ತೇವ ಹೀರಿ ಕೆಡುತ್ತದೆ. 1970 ಮತ್ತು 80ರ ದಶಕಗಳ ಕೆಲವು ದೊಡ್ಡ ರೀಲುಗಳನ್ನು ಯಂತ್ರಕ್ಕೆ ಹಾಕಿದರೆ ಕಿರ್ರೆಂದು ಕಿರುಚುತ್ತವೆ, ಕಂದು ಮೇಣ ಉದುರಿಸಿ ನಿಲ್ಲುತ್ತವೆ. ಅಂಥವನ್ನು 50 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಬೇಯಿಸಿ, ಕೆಲವು ದಿನಗಳ ಮಟ್ಟಿಗೆ ಜೀವ ಬಂದಾಗ ಪ್ರತಿ ತೆಗೆದುಕೊಳ್ಳುತ್ತೇವೆ. ಮನೆಯಲ್ಲಿ ಪ್ರಯತ್ನಿಸಬೇಡಿ, ಎಲ್ಲ ಬಗೆಯ ಟೇಪಿಗೂ ಇದು ಸಲ್ಲುವುದಿಲ್ಲ.

ಟೇಪು ಚೆನ್ನಾಗಿದ್ದರೂ ಓದುವ ಯಂತ್ರ ಬೇಕಲ್ಲ? ವಿಎಚ್ಎಸ್ (ವಿಡಿಯೊ ಕ್ಯಾಸೆಟ್) ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ 2016ರ ಜುಲೈಗೆ ನಿಲ್ಲಿಸಿತು. ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಮೊದಲು ಹೇಳುವ ಕಥೆ ಬಿಬಿಸಿಯ ಡೋಮ್ಸ್‌ಡೇ ಯೋಜನೆಯದು. 1086ರ ಇಂಗ್ಲೆಂಡಿನ ಭೂದಾಖಲೆಗೆ 900 ವರ್ಷ ತುಂಬಿತೆಂದು 1986ರಲ್ಲಿ ದೇಶದ ಹೊಸ ಚಿತ್ರಣವನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳಿಗಾಗಿ ಹುಡುಕಾಡಬೇಕಾಯಿತು. ಚರ್ಮದ ಹಾಳೆಗಳ ಮೇಲಿನ 1086ರ ಮೂಲ ಮಾತ್ರ ಈಗಲೂ ಓದಲು ಬರುತ್ತದೆ.

ಅರೆಗಿವಿ
ಹಾಗಾದರೆ ಸಿನಿಮಾವನ್ನು ಚರ್ಮದ ಮೇಲೆ ಬರೆಸಿಕೊಳ್ಳುವುದೇ ಸರಿ.

ಬಿಟ್‌ಗಣಕ
ಕಡತಪಾಲಕಿ ಮೇಡಂ, ಟೇಪಿನ ಬಗ್ಗೆ ಒಂದು ಸೇರ್ಪಡೆ. ದೊಡ್ಡ ದೊಡ್ಡ ಡೇಟಾ ಕೇಂದ್ರಗಳೂ ಹಳೆಯ ದತ್ತಾಂಶವನ್ನು ಇಂದಿಗೂ ಟೇಪಿನಲ್ಲೇ ಇಡುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಎಲ್‌ಟಿಒ ಎಂಬ ದತ್ತಾಂಶ ಟೇಪಿನ ಒಂಬತ್ತನೆಯ ಪೀಳಿಗೆಯ ಒಂದೇ ಕಾರ್ಟ್ರಿಜ್‌ನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಕಪಾಟಿನಲ್ಲಿ ಇದ್ದಷ್ಟು ಹೊತ್ತು ವಿದ್ಯುತ್ ಬೇಡ, ಜಾಲದಿಂದ ಯಾರೂ ಮುಟ್ಟುವಂತಿಲ್ಲ.

ಕಡತಪಾಲಕಿ
ನಿಜ. ಆದರೆ ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಹೊಸ ಪೀಳಿಗೆಯ ಟೇಪಿಗೆ ಎಲ್ಲವನ್ನೂ ಸಾಗಿಸುವ ಜನರಿದ್ದಾರೆ. ಉಳಿಸುವುದು ಟೇಪಲ್ಲ, ಆ ಸಾಗಣೆ. ಮನೆಯಲ್ಲಿ ಆ ಕೆಲಸ ಯಾರು ಮಾಡುತ್ತಾರೆ ಎಂಬುದೇ ಪ್ರಶ್ನೆ.

ನಿದ್ದೆಗೆಟ್ಟವ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಯಾರಿಗಾದರೂ ಹಾಡುಗಳನ್ನು ಕಲಸಿ ನುಡಿಸುವ ಶಫಲ್ ಮೇಲೆ ಅನುಮಾನ ಇದೆಯೇ? ನನ್ನ ಪಟ್ಟಿಯಲ್ಲಿ ನೂರಾರು ಹಾಡುಗಳಿವೆ, ಆದರೂ ಒಬ್ಬರದೇ ಹಾಡು ಬೆನ್ನಿಗೆ ಬೆನ್ನು ಬರುತ್ತದೆ. ಇದರಲ್ಲಿ ಏನೋ ವ್ಯವಹಾರವಿದೆ.

ಬಿಟ್‌ಗಣಕ
ವ್ಯವಹಾರ ಇಲ್ಲದೆಯೂ ಹಾಗಾಗುತ್ತದೆ. ಹತ್ತು ಗಾಯಕರು, ತಲಾ ಹತ್ತು ಹಾಡು, ಒಟ್ಟು ನೂರು ಎಂದುಕೊಳ್ಳಿ. ಪೂರ್ತಿ ಪ್ರಾಮಾಣಿಕವಾಗಿ ಕಲಸಿದರೂ ಯಾವುದೇ ಹಾಡಿನ ಮುಂದೆ ಅದೇ ಗಾಯಕರದು ಬರುವ ಸಾಧ್ಯತೆ 99ರಲ್ಲಿ 9. ಪಕ್ಕಪಕ್ಕದ ಜೋಡಿಗಳು 99. ಅಂದರೆ ಸರಾಸರಿ ಒಂಬತ್ತು ಸಲ ಒಬ್ಬರೇ ಬೆನ್ನಿಗೆ ಬೆನ್ನು ಹಾಡುತ್ತಾರೆ. ಜನ ಇದನ್ನೇ ಮೋಸ ಎಂದು ದೂರಿದ್ದರಿಂದ ಹಾಡಿನ ಆ್ಯಪ್ ಸ್ಪಾಟಿಫೈ 2014ರಲ್ಲಿ ಒಬ್ಬರ ಹಾಡುಗಳನ್ನು ದೂರ ದೂರ ಹರಡುವ ಹಾಗೆ ಶಫಲನ್ನು ತಿದ್ದಿತು. ನಿಜವಾದ ಯಾದೃಚ್ಛಿಕತೆ ನಮಗೆ ಹಿಡಿಸುವುದಿಲ್ಲ.

ನಿದ್ದೆಗೆಟ್ಟವ
ಲೆಕ್ಕ ಒಪ್ಪಿದೆ. ಅನುಮಾನ ಹೋಗಲಿಲ್ಲ.

ಗೋಡೆಗಡಿಯಾರ
ಶಫಲ್ ಏಕೆ ಬೇಕು ಎಂಬುದೇ ನನಗೆ ತಿಳಿಯದು. ಹಾಡುಗಾರರು ತಲೆ ಕೆಡಿಸಿಕೊಂಡು ಒಂದು ಕ್ರಮದಲ್ಲಿ ಜೋಡಿಸಿರುತ್ತಾರೆ. ಗಾಯಕಿ ಅಡೆಲ್ ಇದನ್ನೇ ಕೇಳಿಕೊಂಡ ಮೇಲೆ, 2021ರಲ್ಲಿ, ಆಲ್ಬಂ ಪುಟದ ದೊಡ್ಡ ಗುಂಡಿ ತಾನಾಗಿ ಕಲಸಿ ನುಡಿಸುವುದನ್ನು ಅದೇ ಸ್ಪಾಟಿಫೈ ಬಿಟ್ಟಿತು. ಬರೆದ ಕ್ರಮದಲ್ಲಿ ಕೇಳಲು ಅಷ್ಟು ದೊಡ್ಡವರ ಶಿಫಾರಸು ಬೇಕಾಯಿತು ನೋಡಿ! ಕ್ಯಾಸೆಟ್ಟಿನಲ್ಲಿ ಬೇರೆ ದಾರಿಯೇ ಇರಲಿಲ್ಲ.

ತೆರೆದಕಡತ
ಮೂಲ ಪ್ರಶ್ನೆಗೆ ಬರೋಣ. ಕಾನೂನಿನಲ್ಲಿ ಸ್ವಲ್ಪ ಚಲನೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ನಿಯಮ ಜಾರಿಯಲ್ಲಿದೆ: ಡಿಜಿಟಲ್ ಸರಕನ್ನು ಕೊಳ್ಳುವ ವ್ಯವಹಾರವೆಂದು ಬಿಂಬಿಸುವ ಅಂಗಡಿ, ಗ್ರಾಹಕನಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಅಂತರಜಾಲವಿಲ್ಲದೆಯೂ ಬಳಸುವಂತೆ ಶಾಶ್ವತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಸರಕಿಗೆ ಇದು ಅನ್ವಯವಾಗುವುದಿಲ್ಲ. ಆ ವಿನಾಯಿತಿಯಲ್ಲೇ ಉತ್ತರವಿದೆ, ಗಮನಿಸಿ. ಕಡತ ನಿಮ್ಮ ಕೈಗೆ ಬಂದರೆ ಅದು ನಿಮ್ಮದು.

ಮುಳ್ಳಿನಮೊನೆ
ಬಹಳ ಸಂತೋಷ. ಇನ್ನು ಮೇಲೆ ಕಿತ್ತುಕೊಳ್ಳುವ ಮೊದಲು ನಮಗೆ ತಿಳಿಸಿಯೇ ಕಿತ್ತುಕೊಳ್ಳುತ್ತಾರೆ.

ತೆರೆದಕಡತ
ವ್ಯಂಗ್ಯ ಸರಿ, ಆದರೆ ಕೈಗೆ ಕಡತ ಕೊಡುವ ಅಂಗಡಿಗಳು ಇವೆ. ಹಾಡಿನ ಲೋಕದಲ್ಲಿ ಆಪಲ್ 2009ರಲ್ಲೇ ತನ್ನ ಐಟ್ಯೂನ್ಸ್ ಅಂಗಡಿಯ ಹಾಡುಗಳ ಮೇಲಿನ ಬೀಗ (ಬೇಕಾದ ಯಂತ್ರದಲ್ಲಿ ನುಡಿಸದಂತೆ ತಡೆಯುವ ವ್ಯವಸ್ಥೆ) ತೆಗೆದಿದೆ. ಸಿನಿಮಾದವರು ಮಾತ್ರ ಬೀಗ ಬಿಡುತ್ತಿಲ್ಲ. ಆದ್ದರಿಂದ ನನ್ನ ಸಲಹೆ ಬೇರೆ ಬೇರೆ: ಹಾಡನ್ನು ಬೀಗವಿಲ್ಲದ ಕಡತವಾಗಿಯೋ ಸಿಡಿಯಾಗಿಯೋ ಕೊಳ್ಳಿ, ನಿಮಗೆ ಪದೇ ಪದೇ ಬೇಕಾಗುವ ಸಿನಿಮಾವನ್ನು ಡಿಸ್ಕಿನಲ್ಲಿ ಕೊಳ್ಳಿ, ಒಮ್ಮೆ ನೋಡಿ ಬಿಡುವಂಥದ್ದಕ್ಕೆ ಸ್ಟ್ರೀಮಿಂಗ್ ಸಾಕು.

ಸಿಡಿಯಿಂದ ಗಣಕಕ್ಕೆ ಇಳಿಸುವಾಗ ಎಂಪಿ3 ಬೇಡ, ಫ್ಲ್ಯಾಕ್ ಎಂಬ ಕಡತ ಮಾದರಿ ಆಗಲಿ. ಗಾತ್ರ ಮೂಲದ ಅರ್ಧಕ್ಕೆ ಹತ್ತಿರವಾಗುತ್ತದೆ, ಒಂದು ಬಿಟ್ ಕೂಡ ನಷ್ಟವಿಲ್ಲ. ಎರಡು ಹಾರ್ಡ್ ಡಿಸ್ಕ್, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಮೂಲ ಸಿಡಿ ಮೂರನೆಯ ಪ್ರತಿ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವ ಬಗ್ಗೆ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ, ಅದನ್ನು ನೋಡಿಕೊಳ್ಳಿ.

ಕಡತಪಾಲಕಿ
ಇದಕ್ಕೆ ನನ್ನ ಸಹಿ ಇದೆ. ಎಚ್ಚರಿಕೆ ಒಂದೇ: ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿ ಬೇರೆ, ಮನೆಯಲ್ಲಿ ಬರೆದ ಸಿಡಿ-ಆರ್ ಬೇರೆ. ಎರಡನೆಯದರಲ್ಲಿ ದತ್ತಾಂಶ ಕೂತಿರುವುದು ಬಣ್ಣದ ಪದರದಲ್ಲಿ, ಬಿಸಿಲಿಗೂ ಬಿಸಿಗೂ ಅದು ಮಾಸುತ್ತದೆ. ಮದುವೆಯ ಚಿತ್ರಗಳು ಅಂಥ ಡಿಸ್ಕಿನಲ್ಲಿ ಮಾತ್ರ ಇದ್ದರೆ ಇವತ್ತೇ ಪ್ರತಿ ತೆಗೆಯಿರಿ, ನಾಳೆ ಬೇಡ.

ಹೊಸಚಿಗುರು
ಎರಡು ಹಾರ್ಡ್ ಡಿಸ್ಕ್, ಬೇರೆ ಮನೆ, ಫ್ಲ್ಯಾಕ್... ಒಂದು ಹಾಡು ಕೇಳಲು ಇಷ್ಟೆಲ್ಲ ಸಂಸಾರ ಹೂಡಬೇಕೆಂದರೆ ಜನ ಚಂದಾ ಕಟ್ಟಿ ಸುಮ್ಮನಾಗುವುದರಲ್ಲಿ ಆಶ್ಚರ್ಯವೇನಿದೆ?

ತೆರೆದಕಡತ
ಎಲ್ಲ ಹಾಡಿಗೂ ಅಲ್ಲ. ಕಳೆದುಹೋದರೆ ನಿಮಗೆ ಸಂಕಟವಾಗುವಷ್ಟಕ್ಕೆ ಮಾತ್ರ. ಒಮ್ಮೆ ಪಟ್ಟಿ ಮಾಡಿ ನೋಡಿ, ನೀವು ಭಾವಿಸಿದಷ್ಟು ಉದ್ದ ಇರುವುದಿಲ್ಲ.

ಹೊಸಚಿಗುರು
ಹ್ಮ್. ಅಜ್ಜಿ ಮೊಬೈಲಿನಲ್ಲಿ ಹಾಡಿ ಕಳಿಸಿದ ಧ್ವನಿ ಸಂದೇಶಗಳಿವೆ. ಅವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅವನ್ನು ಹೊರಗೆ ತೆಗೆದಿಡುವುದು ಹೇಗೆ?

ತೆರೆದಕಡತ
ಸಂದೇಶವನ್ನು ಒತ್ತಿ ಹಿಡಿದು ಹಂಚಿಕೊಳ್ಳುವ ಗುಂಡಿಯಿಂದ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ, ಅಲ್ಲಿಂದ ಗಣಕಕ್ಕೆ. ಕಡತದ ಹೆಸರಿನಲ್ಲಿ ದಿನಾಂಕ, ಹಾಡಿನ ಮೊದಲ ಸಾಲು ಹಾಕಿ. ಮೊಬೈಲ್ ಬದಲಿಸುವ ಮೊದಲು ಮಾಡಿ.

ಮುಳ್ಳಿನಮೊನೆ
ಎಲ್ಲರೂ ಕಡತ ಕಡತ ಎನ್ನುತ್ತಿದ್ದೀರಿ. ಅಮೆರಿಕದಲ್ಲಿ 2022ರಲ್ಲಿ ಎಲ್‌ಪಿಗಳು ಸಿಡಿಗಳಿಗಿಂತ ಹೆಚ್ಚು ಮಾರಾಟವಾದವು, ಎಣಿಕೆಯಲ್ಲಿ. 1987ರ ನಂತರ ಅದೇ ಮೊದಲು. ಜನರಿಗೆ ಕೈಯಲ್ಲಿ ಹಿಡಿಯುವ ವಸ್ತು ಬೇಕು, ಅಷ್ಟೇ.

ಬಿಟ್‌ಗಣಕ
ಸಿಡಿ ಕುಸಿದದ್ದು ಆ ಲೆಕ್ಕದ ಅರ್ಧ ಕಥೆ. ಇನ್ನೊಂದು: ತಟ್ಟೆ ಕೊರೆಯಲು ಬೇಕಾದ ಮೆರುಗೆಣ್ಣೆ ಡಿಸ್ಕುಗಳನ್ನು ಪ್ರಪಂಚದಲ್ಲಿ ತಯಾರಿಸುತ್ತಿದ್ದದ್ದು ಮುಖ್ಯವಾಗಿ ಎರಡೇ ಕಡೆ. ಅದರಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಜಪಾನಿನದು. ಸರ್ವರನ್ನು ನಂಬಬಾರದು ಸರಿ, ನಿಮ್ಮ ತಟ್ಟೆಯೂ ಯಾರದೋ ಕಾರ್ಖಾನೆಯನ್ನು ನಂಬಿಯೇ ಇದೆ.

ಮುಳ್ಳಿನಮೊನೆ
ಹೊಸ ತಟ್ಟೆ ಬರದೇ ಹೋಗಬಹುದು. ನನ್ನ ಬಳಿ ಇರುವುದನ್ನು ಯಾರ ಬೆಂಕಿಯೂ ಹಿಂದಕ್ಕೆ ಕರೆಸಿಕೊಳ್ಳುವುದಿಲ್ಲ.

ಸುರುಳಿಸುತ್ತು
ಎಲ್ಲರಿಗೂ ಧನ್ಯವಾದ. ಆ ಸಿನಿಮಾದ ಬ್ಲೂ-ರೇ ಒಂದನ್ನು ಹಳೆಯದಾದರೂ ಪರವಾಗಿಲ್ಲವೆಂದು ಹುಡುಕಲು ಹಚ್ಚಿದ್ದೇನೆ. ಹಾಡುಗಳಿಗೆ ತೆರೆದಕಡತ ಅವರು ಹೇಳಿದ ದಾರಿ. ಈಗ ಕ್ಯಾಸೆಟ್ಟುಗಳನ್ನೂ ಗಣಕಕ್ಕೆ ಇಳಿಸಬೇಕು. ಒಂದು ತೊಡಕಿದೆ: ಯಂತ್ರದಲ್ಲಿ ಹಾಡು ಒಮ್ಮೆ ನಿಧಾನ, ಒಮ್ಮೆ ಜೋರು, ಅಲೆಅಲೆಯಾಗಿ ಕೇಳಿಸುತ್ತದೆ. ಟೇಪು ಕೆಟ್ಟಿದೆಯೋ ಯಂತ್ರವೋ?

ತಿರುಗುಮಣೆ
ಎಲ್ಲ ಕ್ಯಾಸೆಟ್ಟಿಗೂ ಹಾಗೇ ಆಗುತ್ತಿದ್ದರೆ ಯಂತ್ರದ್ದೇ. ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಟಾರಿನಂತೆ ಕರಗಿ ಅಂಟಿಕೊಂಡಿರುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು, ಬೆಲ್ಟ್ ಜಾರಿದರೆ ಆ ವೇಗ ಎಲ್ಲಿ ನಿಲ್ಲುತ್ತದೆ? ಹಳೆಯದರ ಅಳತೆ ತೆಗೆದು ಅದಕ್ಕಿಂತ ತುಸು ಚಿಕ್ಕದು ಹಾಕಿ, ಏಕೆಂದರೆ ಹಳೆಯದು ಎಳೆದು ಉದ್ದವಾಗಿರುತ್ತದೆ. ಕರಗಿದ ರಬ್ಬರನ್ನೂ, ಟೇಪು ತಾಗುವ ಹೆಡ್ಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಯಂತ್ರದ ಪ್ಲಗ್ ಕಿತ್ತ ಮೇಲೆ, ನೆನಪಿರಲಿ.

ನಿದ್ದೆಗೆಟ್ಟವ
ಅದೇ ಆಲ್ಕೊಹಾಲಿನಿಂದ ಗ್ರಾಮಾಫೋನ್ ತಟ್ಟೆಯನ್ನೂ ಒರೆಸಬಹುದೇ? ಅಟ್ಟದಲ್ಲಿ ಒಂದು ಕಟ್ಟು ಇದೆ, ಮುಟ್ಟಿದರೆ ಕೈ ಕಪ್ಪಾಗುತ್ತದೆ.

ಮುಳ್ಳಿನಮೊನೆ
ನಿಲ್ಲಿ! ಮೊದಲು ಅವು ಯಾವ ತಟ್ಟೆ ನೋಡಿ. ನಿಮಿಷಕ್ಕೆ 78 ಸುತ್ತಿನವಾದರೆ ಬಹುಪಾಲು ಅರಗಿನಿಂದ ಮಾಡಿದವು, ಆಲ್ಕೊಹಾಲ್ ತಾಗಿದರೆ ಗೀರು ಕರಗಿ ಹೋಗುತ್ತದೆ.

ನಿದ್ದೆಗೆಟ್ಟವ
ಲೇಬಲ್ ಹರಿದಿದೆ. ನೋಡಿದರೆ ಗೊತ್ತಾಗುವುದು ಹೇಗೆ?

ಮುಳ್ಳಿನಮೊನೆ
ಕೈಯಲ್ಲಿ ಹಿಡಿದರೆ ತೂಕವಾಗಿ, ಗಡುಸಾಗಿ ಇರುತ್ತದೆ, ಒಂದಿಷ್ಟೂ ಬಾಗುವುದಿಲ್ಲ. ಬಗ್ಗಿಸಿ ಪರೀಕ್ಷಿಸಲು ಹೋಗಬೇಡಿ, ಮುರಿಯುತ್ತದೆ. ಗೀರುಗಳು ಅಗಲ, ಬದಿಗೆ ಮೂರು ನಿಮಿಷದ ಸುಮಾರಿನ ಒಂದೇ ಹಾಡು. ಅಂಥದ್ದಾದರೆ ಮೆದು ಬ್ರಷ್ಷಿನಿಂದ ಧೂಳು ತೆಗೆದು, ಶುದ್ಧೀಕರಿಸಿದ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು ಹಾಕಿ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ ನೆನೆಯಬಾರದು.

ಬಿಟ್‌ಗಣಕ
ಈ ಒಂದು ವಿಷಯದಲ್ಲಿ ಮುಳ್ಳಿನಮೊನೆ ಅವರ ಮಾತೇ ಅಂತಿಮ. ಜೊತೆಗೆ, ಅದನ್ನು ಎಲ್‌ಪಿಯ ಮುಳ್ಳಿನಲ್ಲಿ ನುಡಿಸಬೇಡಿ. 78ರ ಗೀರಿಗೆ ಸುಮಾರು ನಾಲ್ಕು ಪಟ್ಟು ದಪ್ಪದ ಮೊನೆ ಬೇಕು, ಸಣ್ಣದು ತಳಕ್ಕೆ ಬಿದ್ದು ಬರೀ ಕರಕರ ಕೇಳಿಸುತ್ತದೆ.

ನಿದ್ದೆಗೆಟ್ಟವ
ಇಲ್ಲಿ ಎಲ್‌ಪಿ ಮುಳ್ಳೂ ಇಲ್ಲ, 78ರದ್ದೂ ಇಲ್ಲ, ಯಂತ್ರವೇ ಇಲ್ಲ. ಎರಡೂ ವೇಗ ಇರುವ ಯಂತ್ರ ಕೊಳ್ಳುವಾಗ ಏನೇನು ನೋಡಬೇಕು, ಹೇಳಿ.

ಮುಳ್ಳಿನಮೊನೆ
ಅದಕ್ಕೆ ಬೇರೆ ಚರ್ಚೆಯನ್ನೇ ಶುರುಮಾಡಿ, ಇಲ್ಲಿ ಹೇಳಿದರೆ ಬಿಟ್‌ಗಣಕ ಅವರು ಮತ್ತೆ ಬರುತ್ತಾರೆ.